ಕೈ ಎತ್ತಿದವರು

ಫೆಬ್ರವರಿ ಹನ್ನೆರಡು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕುಲಿಪಾ ಎಂಬ ಅರವತ್ತೇಳರ ಮುದುಕಿ ಕೊಕ್-ಜಾರ್ ಪೊಲೀಸ್ ಠಾಣೆಗೆ ಬಂದಳು. ಬೂಟಿಗೆ ಮೆತ್ತಿದ ಹಿಮವನ್ನೂ ಕೊಡವದೆ ನೇರವಾಗಿ ಇನ್‌ಸ್ಪೆಕ್ಟರ್ ಬುರುಲ್ ಎಸೆನೋವಾಳ ಮೇಜಿನೆದುರು ಕೂತಳು.

"ನನ್ನ ಸೊಸೇನ ಕೊಂದಿದಾರೆ. ಬರ್ಕೋ ಮಗಳೇ."

ಬುರುಲ್‌ಗೆ ವಿಷಯ ಗೊತ್ತಿತ್ತು. ಸೋಮವಾರ ಸಾರಿ-ಬೆಲ್ ಘಾಟಿಯ ನೆತ್ತಿಯಲ್ಲಿ ಹಿಮ ಕುಸಿದು ಒಂದು ಬಾಡಿಗೆ ವ್ಯಾನು ಸಿಕ್ಕಿಹಾಕಿಕೊಂಡಿತ್ತು. ಒಳಗಿದ್ದ ಏಳು ಜನರಲ್ಲಿ ಆರು ಮಂದಿ ನಡೆದು ಇಳಿದು ಬದುಕಿಕೊಂಡರು. ಕಾಲು ಮುರಿದುಕೊಂಡಿದ್ದ ಸಾಯ್ಕಾಲ್ ಎಂಬ ಮೂವತ್ತನಾಲ್ಕರ ಹೆಂಗಸು ಅಲ್ಲೇ ಉಳಿದಳು. ಮಂಗಳವಾರ ಮಧ್ಯಾಹ್ನ ದಾರಿ ತೆರವು ಮಾಡುವವರಿಗೆ ಅವಳ ಹೆಣ ಸಿಕ್ಕಿತು. ಆರೂ ಮಂದಿಯ ಹೇಳಿಕೆಯನ್ನು ಬುರುಲ್ ಅಂದೇ ಸಂಜೆ ಪಡೆದಿದ್ದಳು. ಒಂದೇ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿದ್ದಳು. ನಡೆದು ಬಾರದೆ ಬೇರೆ ದಾರಿಯಿರಲಿಲ್ಲ, ಅವಳಿಗಾಗಿ ಹೋದ ಹಿಮ ತೆಗೆಯುವ ಎರಡನೇ ಯಂತ್ರ ಅವಳನ್ನು ತಲುಪಲಿಲ್ಲ ಎಂದು ಆರೂ ಹೇಳಿಕೆಗಳಲ್ಲಿತ್ತು. ಎಲ್ಲವೂ ತಾಳೆಯಾದ್ದರಿಂದ 'ಆಕಸ್ಮಿಕ ಸಾವು' ಎಂದು ಬರೆದು ಸಹಿ ಹಾಕಿದ್ದಳು.

"ಅಮ್ಮಾ, ಆರು ಜನಾನೂ ಒಂದೇ ಮಾತು ಹೇಳಿದಾರೆ," ಅಂದಳು.

"ಆರು ಕುರಿ ಒಂದೇ ಕಡೆ ಓಡಿದ್ರೆ ಅಲ್ಲಿ ಹುಲ್ಲಿದೆ ಅಂತ ತಿಳ್ಕೋತೀಯಾ? ಹಿಂದೆ ತೋಳ ಇದೆ ಅಂತ ತಿಳ್ಕೋಬೇಕು." ಮುದುಕಿ ಚೀಲದಿಂದ ಸೊಸೆಯ ಕೋಟನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಎರಡೂ ಮೊಣಕೈ ಸವೆದು ಒಳಗಿನ ಹತ್ತಿ ಹೊರಗೆ ಬಂದಿತ್ತು. "ನಿನ್ನೆ ಹೆಣ ತೊಳೆಯೋರು ಕೊಟ್ರು. ಗಾಡೀಲಿ ಸುಮ್ನೆ ಕೂತು ಸತ್ತೋಳ ಕೋಟು ಹಿಂಗಿರುತ್ತಾ? ತೆವಳಿದಾಳೆ ಅವಳು. ಯಾಕೆ ತೆವಳಿದ್ಲು? ಕೇಳಿದ್ಯಾ ಅವರನ್ನ?"

ಬುರುಲ್ ಕೇಳಿರಲಿಲ್ಲ. ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಸಾರ್ಜೆಂಟ್ ತಿಲೆಕ್‌ನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಮಧ್ಯಾಹ್ನ ಒಂದರ ಹೊತ್ತಿಗೆ ಅವಳು ಘಾಟಿಯ ನೆತ್ತಿ ಮುಟ್ಟಿದಳು. ವ್ಯಾನು ಚರಂಡಿಗೆ ವಾಲಿ ನಿಂತಿತ್ತು. ಗಾಜು ಒಡೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಕಂಬಳಿ, ಅರ್ಧ ತಿಂದ ರೊಟ್ಟಿ, ಖಾಲಿ ಥರ್ಮಾಸ್. ತಿಲೆಕ್ ಡೀಸೆಲ್ ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಿದ.

"ಅಕ್ಕಾ, ಅರ್ಧಕ್ಕಿಂತ ಜಾಸ್ತಿ ಇದೆ. ಹೀಟರ್ ಹಾಕ್ಕೊಂಡ್ರೆ ಒಂದು ದಿನ ಆರಾಮಾಗಿ ಇರಬೋದಿತ್ತು."

"ಮತ್ತೆ ಯಾಕೆ ಹಾಕ್ಕೊಳ್ಲಿಲ್ಲ?"

ತಿಲೆಕ್ ಚಾಲಕನ ಸೀಟಿಗೆ ಬಗ್ಗಿ ನೋಡಿದ. "ಕೀ ಇಲ್ಲ."

ಹೆಣ ಸಿಕ್ಕ ಜಾಗವನ್ನು ಹಾರೆ ನೆಟ್ಟು ಗುರುತಿಸಿದ್ದರು. ವ್ಯಾನಿನಿಂದ ಮುನ್ನೂರ ನಲವತ್ತು ಮೀಟರ್ ಕೆಳಗೆ, ಆರು ಜನ ನಡೆದುಹೋದ ದಿಕ್ಕಿನಲ್ಲೇ. ದಾರಿಯ ಅಂಚಿನ ಗಟ್ಟಿ ಹಿಮದ ಮೇಲೆ ತೆವಳಿದ ಗೀರು ಇನ್ನೂ ಇತ್ತು; ಮೂರು ಕಡೆ ಅವಳು ನಿಂತು ಸುಧಾರಿಸಿಕೊಂಡಿದ್ದಳು. ಬುರುಲ್ ಅಳತೆ ಹಿಡಿಸಿ ಪಂಚನಾಮೆ ಬರೆಸಿದಳು. ಬರೆಯುವವನ ಪೆನ್ನಿನ ಶಾಯಿ ಎರಡು ಸಲ ಹೆಪ್ಪುಗಟ್ಟಿತು. ಅವನು ಅದನ್ನು ಕಂಕುಳಲ್ಲಿಟ್ಟು ಕಾಯಿಸಿ ಮುಂದುವರಿಸಿದ.

ಘಾಟಿಯಿಂದ ಏಳು ಕಿಲೋಮೀಟರ್ ಕೆಳಗೆ ರಸ್ತೆ ಕೆಲಸದವರ ಶೆಡ್ಡು. ಬುಲ್ಡೋಜರ್ ನಡೆಸುವ ಕುಬಾತ್ ಒಲೆಯ ಮುಂದೆ ಬೂಟು ಬಿಚ್ಚಿ ಕೂತಿದ್ದ. ಇವರನ್ನು ಕಂಡು ಬರಿಗಾಲಲ್ಲೇ ಎದ್ದ.

"ಸೋಮವಾರ ಇಲ್ಲಿಂದ ಎಷ್ಟು ಯಂತ್ರ ಮೇಲೆ ಹೋದ್ವು?" ಬುರುಲ್ ಕೇಳಿದಳು.

"ಎಷ್ಟು ಅಂದ್ರೆ? ಇರೋದೇ ಒಂದು. ನಂದು."

"ಎರಡನೇದು?"

"ಯಾವ ಎರಡನೇದು ಅಕ್ಕಾ? ಹನ್ನೊಂದು ವರ್ಷದಿಂದ ಅರ್ಜಿ ಹಾಕ್ತಾ ಇದೀವಿ."

"ಹಂಗಾದ್ರೆ ನೀನು ಯಾಕೆ ನೆತ್ತಿವರೆಗೆ ಹೋಗ್ಲಿಲ್ಲ?"

ಕುಬಾತ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. "ಹೋಗ್ತಾ ಇದ್ದೆ. ನಾಲ್ಕು ಗಂಟೆಗೆ ತಿರುವಿನಲ್ಲಿ ಒಬ್ಬ ಸಿಕ್ಕಿದ. ಎಲ್ಲರಿಗಿಂತ ಮುಂದೆ ಒಬ್ನೇ ಬರ್ತಾ ಇದ್ದ. ಗಾಡಿ ಖಾಲಿ, ಎಲ್ಲಾ ಇಳಿದುಬಿಟ್ವಿ, ಆರು ಜನ ಇದೀವಿ, ಹಿಂದೆ ಐದು ಜನ ಬರ್ತಾ ಇದಾರೆ, ಬೇಗ ಹತ್ತಿಸ್ಕೊಂಡು ತಿರುಗಿಸು ಅಂದ. ಐದು ಜನ ಬಂದ್ರು. ಎಣಿಸಿದೆ. ಅವನನ್ನೂ ಸೇರಿಸಿ ಆರೇ ಇದ್ರು." ಬುರುಲಳ ಮುಖ ನೋಡಿ ಅವನ ದನಿ ಸಣ್ಣದಾಯಿತು. "ಎಣಿಸಿದೆ ಅಕ್ಕಾ. ಲೆಕ್ಕ ಸರಿಯಾಗೇ ಇತ್ತು."

"ಆ ಮನುಷ್ಯ ಯಾರು?"

"ಗಣೀಲಿ ಸುರಕ್ಷತೆ ಪಾಠ ಮಾಡ್ತಾರಲ್ಲ, ಶಾರ್ಶೆನ್ ಅಣ್ಣ."

ಶೆಡ್ಡಿನ ವೈರ್‌ಲೆಸ್ ಪುಸ್ತಕವನ್ನು ಬುರುಲ್ ವಶಕ್ಕೆ ತೆಗೆದುಕೊಂಡಳು. ಘಾಟಿ ದಾಟುವ ಗಾಡಿಗಳಿಗೆಲ್ಲ ಒಂದೊಂದು ಸೆಟ್ಟು ಕೊಟ್ಟಿರುತ್ತಾರೆ. ಸೋಮವಾರದ ಪುಟದಲ್ಲಿ ಒಂದು ಗಂಟೆ ಐವತ್ತೆರಡಕ್ಕೆ ಹೀಗೆ ಬರೆದಿತ್ತು: 'ಯಂತ್ರ ಹೊರಟಿದೆ. ಎರಡೂವರೆ ಗಂಟೆಯಲ್ಲಿ ತಲುಪುತ್ತದೆ. ಗಾಡಿ ಬಿಟ್ಟು ಇಳಿಯಬೇಡಿ, ಎಂಜಿನ್ ಚಾಲೂ ಇಡಿ ಎಂದು ಹೇಳಲಾಯಿತು. ಉತ್ತರ: ತಿಳಿಯಿತು.'

ಮರುದಿನ ಬುರುಲ್ ಪ್ರಯಾಣಿಕರನ್ನು ಮತ್ತೆ ಕರೆಸಿದಳು. ಈ ಸಲ ಒಬ್ಬೊಬ್ಬರನ್ನೇ, ಬೇರೆ ಬೇರೆ ಹೊತ್ತಿಗೆ. ಶಾರ್ಶೆನ್‌ನನ್ನು ಮಾತ್ರ ಕರೆಸಲಿಲ್ಲ.

ಮೊದಲು ಬಂದವನು ಚಾಲಕ ಒಮುರ್‌ಬೆಕ್. ಎರಡು ದಿನದಲ್ಲಿ ಗಡ್ಡ ಬೆಳೆದಿತ್ತು.

"ವೈರ್‌ಲೆಸ್‌ನಲ್ಲಿ ಮಾತಾಡಿದ್ದು ನೀನಾ?"

"ಇಲ್ಲ. ನಾನು ಹೊರಗೆ ಚಕ್ರದ ಹತ್ರ ಹಿಮ ತೆಗೀತಿದ್ದೆ. ಶಾರ್ಶೆನ್ ಅಣ್ಣನ ಕೈಗೆ ಕೊಟ್ಟಿದ್ದೆ. ಬರೀ ಗೊರಗೊರ ಅಂತಿದೆ, ಏನೂ ಕೇಳಿಸ್ತಿಲ್ಲ ಅಂದ್ರು."

"ಆಮೇಲೆ?"

"ಆಮೇಲೆ ಎಲ್ಲರನ್ನೂ ಕೂರಿಸಿ ಕೇಳಿದ್ರು. ಸಾಯ್ಕಾಲ್‌ನ ಎಳ್ಕೊಂಡು ಹೋದ್ರೆ ಎಲ್ಲರೂ ಸಾಯ್ತೀವಿ, ಬಿಟ್ಟು ಹೋದ್ರೆ ಆರು ಜನ ಉಳೀತೀವಿ. ಯಾವುದು ಬೇಕು? ಕೈ ಎತ್ತಿ ಅಂದ್ರು."

"ಗಾಡೀಲೇ ಇರೋಣ ಅಂತ ಯಾರೂ ಹೇಳ್ಲಿಲ್ವಾ? ಡೀಸೆಲ್ ಇತ್ತಲ್ಲ."

ಒಮುರ್‌ಬೆಕ್ ಇಪ್ಪತ್ತೆರಡು ವರ್ಷ ಘಾಟಿಯಲ್ಲಿ ಗಾಡಿ ಓಡಿಸಿದವನು. ಹಿಮದಲ್ಲಿ ಸಿಕ್ಕಿಕೊಂಡರೆ ಗಾಡಿ ಬಿಡಬಾರದೆಂದು ಹೊಸ ಚಾಲಕರಿಗೆ ಅವನೇ ಹೇಳಿಕೊಡುತ್ತಿದ್ದ. "ಅದನ್ನ ಯಾರೂ ಕೇಳ್ಲಿಲ್ಲ," ಅಂದ. "ಕೇಳಿದ್ದು ಎರಡೇ. ಎರಡರಲ್ಲಿ ಒಂದು ಅಂತ... ತಲೆ ಅಲ್ಲೇ ನಿಂತುಬಿಡ್ತು."

"ಕೀ ಎಲ್ಲಿ?"

ಅವನು ಜೇಬಿಗೆ ಕೈ ಹಾಕಿ ಕೀ ತೆಗೆದು ಮೇಜಿನ ಮೇಲಿಟ್ಟ. "ಅವಳಿಗೆ ಹೀಟರ್ ಹಾಕಿಟ್ಟೇ ಹೊರಡೋದು ಅಂತ ಮಾತಾಗಿತ್ತು. ಇಳಿಯೋವಾಗ ಎಂಜಿನ್ ಆರಿಸಿ ಕೀ ಜೇಬಿಗೆ ಹಾಕ್ಕೊಂಡಿದೀನಿ. ದಿನಾ ಮಾಡೋ ಹಾಗೆ. ಗೊತ್ತೇ ಆಗ್ಲಿಲ್ಲ ಅಕ್ಕಾ. ಶೆಡ್ಡಲ್ಲಿ ಚಾ ಕುಡಿಯೋವಾಗ ಕೈಗೆ ಸಿಕ್ತು. ಎದೆ ಧಸಕ್ ಅಂತು. ಶಾರ್ಶೆನ್ ಅಣ್ಣಂಗೆ ಹೇಳ್ದೆ. ಯೋಚ್ನೆ ಮಾಡ್ಬೇಡ, ಇನ್ನೊಂದು ಯಂತ್ರ ಡಾಕ್ಟರನ್ನ ಕರ್ಕೊಂಡು ಆಚೆ ಕಡೆಯಿಂದ ಹೋಗಿದೆ, ಇಷ್ಟೊತ್ತಿಗೆ ಆಸ್ಪತ್ರೇಲಿರ್ತಾಳೆ ಅಂದ್ರು."

"ಶೆಡ್ಡಿನವರನ್ನ ಕೇಳ್ಲಿಲ್ವಾ?"

"ಬೇರೆ ಯಾರಾದ್ರೂ ಕೇಳಿರ್ತಾರೆ ಅಂದ್ಕೊಂಡೆ."

ಸಂತೆಯಲ್ಲಿ ಉಣ್ಣೆ ಮಾರುವ ಬೂಸಾರಾ ಬಂದಾಗ ಹನ್ನೆರಡು ದಾಟಿತ್ತು. ದಪ್ಪ ಹೆಂಗಸು, ಒಳಗೆ ಬರುತ್ತಲೇ ಜಗಳಕ್ಕೆ ನಿಂತಳು. "ನಮ್ಮನ್ನೇನು ಕಳ್ಳರ ಥರ ಒಬ್ಬೊಬ್ಬರನ್ನೇ ಕರೀತೀಯಾ? ಕಾಲು ಮುರ್ಕೊಂಡಿದ್ದು ಅವಳ ಹಣೆಬರಹ. ನಾವೇನು ಮಾಡೋಣ? ಅವಳನ್ನ ಎಳ್ಕೊಂಡು ಹೋದ್ರೆ ಎಲ್ಲರೂ ಸಾಯ್ತೀವಿ, ಬಿಟ್ಟು ಹೋದ್ರೆ ಆರು ಜನ ಉಳೀತೀವಿ..."

ಅದೇ ಪದ, ಅದೇ ಸಾಲು. ಬೆಳಿಗ್ಗೆ ಬೇರೆ ಬೇರೆಯಾಗಿ ಬಂದುಹೋದ ಪ್ರಯಾಣಿಕ ಗಂಡಹೆಂಡತಿಯ ಹೇಳಿಕೆಗಳಲ್ಲೂ ಇದೇ ಸಾಲಿತ್ತು. ಮಂಗಳವಾರ ಸಂಜೆ ತಾನು ಇದನ್ನೇ ಸತ್ಯದ ಗುರುತೆಂದು ತಿಳಿದಿದ್ದೆನಲ್ಲ ಎಂದು ಬುರುಲ್‌ಗೆ ನಾಚಿಕೆಯಾಯಿತು. ಅಂದು ಆ ಕೋಣೆಯಲ್ಲಿ ಮೊದಲು ಬಾಯಿ ಬಿಟ್ಟವನು ಶಾರ್ಶೆನ್. ಉಳಿದ ಐವರು ತಲೆಯಾಡಿಸಿದ್ದರು, ಅವಳು ಬರೆದುಕೊಂಡಿದ್ದಳು.

"ಹೊರಟ ಮೇಲೆ ಅವಳು ಕೂಗಿದ್ದು ಕೇಳಿಸ್ತಾ?" ಅಂದಳು. ಅದು ಬರೀ ಊಹೆಯ ಪ್ರಶ್ನೆ.

ಬೂಸಾರಾಳ ಜೋರು ಅಲ್ಲಿಗೆ ನಿಂತಿತು. ತಲೆಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಕೇಳಿಸ್ತು."

"ಏನಂತ?"

"ಗಾಳಿ ಇತ್ತು. ಮಾತು ತಿಳೀಲಿಲ್ಲ. ಬಾಗಿಲು ತೆಕ್ಕೊಂಡು ಕೂಗ್ತಾನೇ ಇದ್ಲು. ನಾನು ತಿರುಗಕ್ಕೆ ಹೋದೆ. ಶಾರ್ಶೆನ್ ಅಣ್ಣ, ಯಾರೂ ಹಿಂದೆ ನೋಡ್ಬೇಡಿ, ಒಬ್ರು ನೋಡಿದ್ರೆ ಎಲ್ಲರೂ ನಿಲ್ತೀರ ಅಂದ್ರು. ಬಿಟ್ಟು ಹೋಗ್ತಿದೀವಲ್ಲ ಅಂತ ಅಳ್ತಿದಾಳೆ ಅಂದ್ಕೊಂಡ್ವಿ."

ಬುರುಲ್ ಡ್ರಾಯರು ಎಳೆದು ಕೀ ತೋರಿಸಿದಳು. ಬೂಸಾರಾ ಅದನ್ನು ನೋಡಿದಳು. ಸಾಯ್ಕಾಲ್ ಕೂಗಿದ್ದು ಇದಕ್ಕೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಕುರ್ಚಿಯಲ್ಲಿ ಕೂತಲ್ಲೇ ಹಿಂದೆ ಮುಂದೆ ತೂಗತೊಡಗಿದಳು. ತಿಲೆಕ್ ನೀರು ತಂದುಕೊಟ್ಟ. ಕುಡಿಯಲಿಲ್ಲ.

ಕೊನೆಗೆ ಬಂದವರು ತಾಬಲ್ದಿ ಮೇಷ್ಟ್ರು. ಎಪ್ಪತ್ತೊಂದು ವರ್ಷ, ನಿವೃತ್ತ ಗಣಿತದ ಮೇಷ್ಟ್ರು. ತಿಲೆಕ್‌ಗೂ ಒಂದು ಕಾಲದಲ್ಲಿ ಪಾಠ ಹೇಳಿದವರು. ಬಿಳಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೊದಲು ಕೈ ಎತ್ತಿದ್ದು ಯಾರು ಮೇಷ್ಟ್ರೇ?"

"ನಾನು. ಹಿರಿಯರು ಮೊದಲು ಹೇಳ್ಲಿ ಅಂತ ಶಾರ್ಶೆನ್ ನನ್ನ ಕಡೆ ತಿರುಗಿದ. ನಾನು ಎತ್ತಿದ ಮೇಲೆ ಚಿಕ್ಕವರು ಇನ್ನೇನು ಮಾಡ್ತಾರಮ್ಮಾ? ಟಪಟಪ ಅಂತ ಎಲ್ಲರ ಕೈನೂ ಮೇಲೆ ಹೋಯ್ತು." ಮಂಡಿ ಸವರಿಕೊಂಡರು. "ನನಗೆ ಮಂಡಿ ನೋವು. ನಾನು ಅವಳ ಜೊತೆ ಉಳ್ಕೋತೀನಿ ಅನ್ನೋ ಮಾತು ನಾಲಗೆ ತುದೀಲಿತ್ತು. ಆದ್ರೆ ಅವನು ಕೇಳಿದ್ದು ಕೈ ಎತ್ತೋ ಪ್ರಶ್ನೆ."

"ಸಾಯ್ಕಾಲ್ ಏನಂದ್ಲು?"

ಮೇಷ್ಟ್ರು ಟೋಪಿಯ ಅಂಚನ್ನು ತಿರುಗಿಸಿದರು.

"ಅವಳೂ ಎತ್ತಿದ್ಲು," ಅಂದರು. "ಎಲ್ಲರೂ ಎತ್ತಿದಾರಲ್ಲ ಅಂತ ಸುತ್ತ ನೋಡಿ, ಮೆಲ್ಲಗೆ ಕೈ ಎತ್ತಿದ್ಲು. ತರಗತೀಲಿ ಉತ್ತರ ಗೊತ್ತಿಲ್ದೇ ಇರೋ ಮಕ್ಕಳು ಎತ್ತಲ್ವಾ, ಹಂಗೆ. ನೋಡಿ, ಅವಳಿಗೂ ಒಪ್ಪಿಗೆ ಅಂತ ಶಾರ್ಶೆನ್ ಅಂದ. ನಮಗೆಲ್ಲ ಎದೆ ಹಗುರಾಯ್ತು. ಹಗುರಾಯ್ತು, ಬರ್ಕೊಳ್ಳಮ್ಮಾ, ಹಂಗೇ ಬರ್ಕೋ."

ಇನ್ನು ಉಳಿದದ್ದು, ಶಾರ್ಶೆನ್ ಹೀಗೆ ಯಾಕೆ ಮಾಡಿದ ಎಂಬುದು. ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಸಂಜೆ ಬುರುಲ್ ಮನೆಗೆ ಹೋಗಿ ಸಾಯ್ಕಾಲ್ ಘಾಟಿ ದಾಟಿ ಹೊರಟಿದ್ದೆಲ್ಲಿಗೆ ಎಂದು ಕೇಳಿದಾಗ ಕುಲಿಪಾ ಎದ್ದು ಗೋಡೆಯ ಗೂಡಿನಿಂದ ಸಮನ್ಸಿನ ಕಾಗದ ತಂದುಕೊಟ್ಟಳು. ಹೋದ ವರ್ಷ ನವೆಂಬರಿನಲ್ಲಿ ಕುಲಿಪಾಳ ಮಗ, ಸಾಯ್ಕಾಲಳ ಗಂಡ ಬಾಕಿತ್, ಕಲ್ಲಿದ್ದಲು ಗಣಿಯೊಳಗೆ ವಿಷಗಾಳಿಗೆ ಸತ್ತಿದ್ದ. ಅದನ್ನು ತಡೆಯುವ ಮುಖವಾಡ ಬೆನ್ನ ಮೇಲೇ ಇತ್ತು; ಹಾಕಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಅವನಿಗೆ ಅಕ್ಟೋಬರ್ ಮೂರರಂದು ತರಬೇತಿ ಕೊಟ್ಟಿದೆ ಎಂದು ಗಣಿಯ ಹಾಜರಿ ಪುಸ್ತಕ ಹೇಳುತ್ತಿತ್ತು. ಬಾಕಿತ್‌ನ ಸಹಿಯೂ ಇತ್ತು, ಕೆಳಗೆ ತರಬೇತುದಾರ ಶಾರ್ಶೆನ್ ಅಬ್ದಿಯೇವನ ಸಹಿಯೂ ಇತ್ತು. ಮಂಗಳವಾರ ಘಾಟಿಯಾಚೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ಶಾರ್ಶೆನ್‌ಗೂ ಸಮನ್ಸು ಬಂದಿತ್ತು. ಸೋಮವಾರ ಘಾಟಿ ದಾಟುವ ವ್ಯಾನು ಇದ್ದದ್ದು ಒಂದೇ.

"ಅಕ್ಟೋಬರ್ ಮೂರಕ್ಕೆ ನನ್ನ ಗಂಡನ ಮಣ್ಣು," ಅಂದಳು ಕುಲಿಪಾ. "ಬಾಕಿತ್ ಇಡೀ ದಿನ ಅಪ್ಪನ ಗುಂಡಿ ತೋಡ್ತಿದ್ದ. ಅದನ್ನ ಹೇಳಕ್ಕೇ ಇವಳು ಹೊರಟಿದ್ದು. ಘಾಟಿ ಕೆಟ್ಟಿದೆ, ನಾನು ಹೋಗ್ತೀನಿ ಕಣೇ ಅಂದೆ. ನಿಮಗೆ ವಯಸ್ಸಾಗಿದೆ ಅತ್ತೆ ಅಂದ್ಲು."

ಫೆಬ್ರವರಿ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹತ್ತು ಹದಿನೈದಕ್ಕೆ ಬುರುಲ್ ಗಣಿಯ ತರಬೇತಿ ಕೋಣೆಯ ಬಾಗಿಲು ತಳ್ಳಿದಳು. ಶಾರ್ಶೆನ್ ಹೊಸದಾಗಿ ಸೇರಿದ ಇಪ್ಪತ್ತು ಗಂಡಸರಿಗೆ ಪಾಠ ಮಾಡುತ್ತಿದ್ದ. ಐವತ್ತೈದರ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಹಿಂದಿನ ಬೆಂಚಿನಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರು, ಉಳಿದವರು ಫೋನು ನೋಡುತ್ತಿದ್ದರು. ಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಅಪಾಯದಲ್ಲಿ ಮೊದಲು ಕೇಳಿದ ಮಾತನ್ನು ನಂಬಬೇಡಿ.'

"ಐದು ನಿಮಿಷ ಕೊಡು ತಂಗೀ," ಅಂದ ಅವನು. "ಪಾಠ ಮುಗಿಸ್ತೀನಿ."

"ಮುಗೀತು ಅಣ್ಣಾ," ಅಂದಳು ಬುರುಲ್. ತಿಲೆಕ್ ಕೋಳ ಹಾಕಿದ. ಫೋನಿನಲ್ಲಿದ್ದವರೆಲ್ಲ ಆಗ ತಲೆಯೆತ್ತಿದರು.

ಠಾಣೆಯಲ್ಲಿ ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವಂಥದ್ದು ಇಲ್ಲವೆಂಬ ಹಾಗೆ ಕೂತಿದ್ದ.

"ವೈರ್‌ಲೆಸ್‌ನಲ್ಲಿ 'ತಿಳೀತು' ಅಂದಿದ್ದು ಯಾರು?"

"ನಾನೇ."

"ಯಂತ್ರ ಬರ್ತಿದೆ ಅಂತ ಅವರಿಗೆ ಯಾಕೆ ಹೇಳ್ಲಿಲ್ಲ?"

"ಅವರು ಕೇಳ್ಲಿಲ್ಲ."

"ಗಾಡಿ ಖಾಲಿ ಅಂತ ಕುಬಾತ್‌ಗೆ ಹೇಳಿದ್ದು?"

ಅವನು ಮಾತು ತಿರುಗಿಸಿದ: "ನೋಡು ತಂಗೀ, ನಾನು ಯಾರ ಕೈನೂ ಹಿಡಿದು ಎತ್ತಿಸ್ಲಿಲ್ಲ. ಒಂದು ಪ್ರಶ್ನೆ ಕೇಳಿದೆ. ಪ್ರಶ್ನೆ ಕೇಳೋದು ಅಪರಾಧ ಆದ್ರೆ ನೀನೂ ಈಗ ಅದನ್ನೇ ಮಾಡ್ತಿದೀಯ."

"ಆ ಹಾಜರಿ ಸಹಿ ಸುಳ್ಳು ಅಂತ ಹೇಳೋಳು ಸಾಯ್ಕಾಲ್ ಒಬ್ಬಳೇ ಅಂದ್ಕೊಂಡ್ಯಾ?"

"ಅವಳಿಗೇ ತಾನೇ ಸಮನ್ಸ್ ಬಂದಿದ್ದು."

"ಅವತ್ತು ಬಾಕಿತ್ ಅಪ್ಪನ ಮಣ್ಣು. ನಲವತ್ತು ಜನ ಬಂದಿದ್ರು, ಮಾಂಸದ ಸಾರು ಉಂಡು ಹೋದ್ರು. ಮುಲ್ಲಾ ಇದ್ರು. ಆ ಮುದುಕಿ ಇದಾಳೆ. ನಲವತ್ತರಲ್ಲಿ ಯಾರು ಬೇಕಾದ್ರೂ ಹೇಳ್ತಿದ್ರು. ಸೊಸೆ ಸತ್ರೆ ನಿನಗೆ ಏನು ಉಳೀತಿತ್ತು?"

ಶಾರ್ಶೆನ್ ಅವಳ ಮುಖವನ್ನೇ ನೋಡಿದ. ಹೊರಗೆ ಯಾರೋ ಗುದ್ದಲಿಯಿಂದ ಮೆಟ್ಟಿಲಿನ ಮಂಜುಗಡ್ಡೆ ಒಡೆಯುತ್ತಿದ್ದರು. "ಅದು ಹೊಳೀಲಿಲ್ಲ," ಅಂದ. ಮತ್ತೆ ಒಂದು ಸಲ, ತನಗೇ ಹೇಳಿಕೊಳ್ಳುವಂತೆ, "ಹೊಳೀಲೇ ಇಲ್ಲ."

ಕೊಲೆಯ ಕಲಮು ಸೇರಿಸಿ ಬಂಧನದ ಕಾಗದ ತಯಾರಾಯಿತು. ಕುಲಿಪಾ ಹೊರಗಿನ ಬೆಂಚಿನಲ್ಲೇ ಕಾಯುತ್ತಿದ್ದಳು. ಬುರುಲ್ ಹೋಗಿ ಹೇಳಿದಾಗ ಮುದುಕಿ ಕೇಳಿದಳು, "ಉಳಿದ ಐದು ಜನ?"

"ಅವರ ಮೇಲೆ ಕೇಸು ನಿಲ್ಲಲ್ಲ ಅಮ್ಮಾ. ಅವರಿಗೆ ಮೋಸ ಆಗಿದೆ."

"ಮೋಸ." ಮುದುಕಿ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ಅವಳು ಕೂಗಿದ್ದು ಅವರಿಗೆ ಕೇಳಿಸ್ತಂತೆ. ಅದರಲ್ಲಿ ಮೋಸ ಏನಿತ್ತು?"

ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಮನೆಯಲ್ಲಿ ಸತ್ತವಳಿಗಾಗಿ ರೊಟ್ಟಿ ಬೇಯಿಸಿ ನೆರೆಯವರಿಗೆ ಹಂಚುವುದಿತ್ತು. ಬೇಯಿಸಲು ಮನೆಯಲ್ಲಿ ಬೇರೆ ಹೆಂಗಸರು ಉಳಿದಿರಲಿಲ್ಲ.

ಮಧ್ಯಾಹ್ನ ಶಾರ್ಶೆನ್ ತಾನಾಗಿಯೇ ಕಾಗದ ಕೇಳಿ ತನ್ನ ಹೇಳಿಕೆಯನ್ನು ಬರೆದುಕೊಟ್ಟ. ಹಲಗೆಯ ಮೇಲಿನದೇ ದುಂಡನೆಯ ಅಕ್ಷರ. ಹದಿನೆಂಟು ವರ್ಷ ಪಾಠ ಮಾಡಿದೆ, ಅಪಾಯದಲ್ಲಿ ಮನುಷ್ಯ ಯೋಚಿಸುವುದಿಲ್ಲ, ಎದುರಿಗೆ ಇಟ್ಟ ಪ್ರಶ್ನೆಗೆ ಉತ್ತರ ಕೊಡುತ್ತಾನೆ ಅಷ್ಟೆ ಎಂದು ಸಾವಿರ ಸಲ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಬರೆದಿದ್ದ. ಜನ ನಿದ್ದೆ ಮಾಡುತ್ತಿದ್ದರು, ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಆಮೇಲೆ ಸಹಿ ಹಾಕಲೂ ಯಾರೂ ಬರಲಿಲ್ಲ. ಅವರ ಪರವಾಗಿ ತಾನೇ ಹಾಕತೊಡಗಿದ. ಹಾಗೆ ಹಾಕಿದ ಸಹಿಗಳಲ್ಲಿ ಒಂದು ಬಾಕಿತ್‌ನದು. ಸೋಮವಾರ ವೈರ್‌ಲೆಸ್ ಕೈಯಲ್ಲಿ ಹಿಡಿದಾಗ ಇದ್ದದ್ದು ಬರೀ ಹೆದರಿಕೆ, ಅದಕ್ಕಿಂತ ಹೆಚ್ಚೇನೂ ಮನಸ್ಸಿನಲ್ಲಿರಲಿಲ್ಲ ಎಂದೂ ಬರೆದಿದ್ದ.

ಬುರುಲ್ ಕೊನೆಯ ಸಾಲುಗಳನ್ನು ಎರಡು ಸಲ ಓದಿದಳು. 'ಪ್ರಶ್ನೆ ಕೇಳಿದ ಮೇಲೆ ಏಳೂ ಜನ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಕಾಲು ಮುರಿದವಳೂ ನೋಡುತ್ತಿದ್ದಳು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಆಮೇಲೆ ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ.'

ವ್ಯಾನಿನಲ್ಲಿ ಅವನನ್ನು ಬಿಟ್ಟರೆ ಇದ್ದವರು ಆರೇ ಜನ. ನೋಡುತ್ತಿದ್ದವರಲ್ಲಿ ತನ್ನನ್ನೂ ಸೇರಿಸಿಕೊಂಡು ಏಳು ಎಂದು ಯಾಕೆ ಬರೆದೆ ಎಂದು ಬುರುಲ್ ಕೇಳಲಿಲ್ಲ. ಕೆಳಗೆ ಅವನ ಸಹಿ ಪಡೆದು ವೇಳೆ ನಮೂದಿಸಿದಳು: ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ.